ಮಂಗನ ಕಾಯಿಲೆಯ ಲೆಕ್ಕದಲ್ಲಿ ಛೇದ ಎಲ್ಲಿದೆ?

ಉಡುಪಿ ಜಿಲ್ಲೆಯ ಉತ್ತರದ ಗಡಿಯಲ್ಲಿರುವ ಶಿರೂರಿನ ಜನರಿಗೆ, ಉತ್ತರ ಕನ್ನಡದ ಕಡೆಯಿಂದ ಹೆದ್ದಾರಿಯಲ್ಲಿ ಮಣಿಪಾಲಕ್ಕೆ ಧಾವಿಸುವ ಆಂಬುಲೆನ್ಸ್‌ಗಳು ಹೊಸತಲ್ಲ. ರೋಗ ಉಲ್ಬಣಿಸಿದವರೇ ಹೆಚ್ಚಾಗಿ ಹೀಗೆ ದೊಡ್ಡ ಆಸ್ಪತ್ರೆ ಸೇರುತ್ತಾರೆ. ಜ್ವರ ಬಂದು ತಾನಾಗಿ ಇಳಿದವರು ಊರಲ್ಲೇ ಉಳಿಯುತ್ತಾರೆ. ಆಸ್ಪತ್ರೆಯ ಹಾಸಿಗೆಗಳನ್ನಷ್ಟೇ ಎಣಿಸಿ ಒಂದು ಕಾಯಿಲೆಯ ಮರಣ ಪ್ರಮಾಣವನ್ನು ಹೇಳಹೊರಟರೆ ಅದು ವಾಸ್ತವಕ್ಕಿಂತ ಹೆಚ್ಚಾಗಿ ಕಾಣುವುದು ಸಹಜ. ಅಂಶ ಮಣಿಪಾಲ ತಲುಪಿರುತ್ತದೆ, ಛೇದ ಶಿರೂರಿನಾಚೆಯೇ ಉಳಿದಿರುತ್ತದೆ.

ವೈದ್ಯ ವಿದ್ಯಾರ್ಥಿಗಳಲ್ಲಿ ಅನೇಕರು ಸಾಂಕ್ರಾಮಿಕ ರೋಗಶಾಸ್ತ್ರ ಹಾಗೂ ಜೈವಿಕ ಸಂಖ್ಯಾಶಾಸ್ತ್ರವನ್ನು ಪರೀಕ್ಷೆಗಷ್ಟೇ ಬೇಕಾದ ಪಾಠವೆಂದು ಭಾವಿಸುವುದುಂಟು. ಅರ್ಥಶಾಸ್ತ್ರ ಓದಿ ಸರ್ಕಾರಿ ಕಡತಗಳ ನಡುವೆ ಕಾಲ ಕಳೆದ ನನಗೆ ಇದು ಅಚ್ಚರಿಯೇನಲ್ಲ. ತಲಾ ಆದಾಯವನ್ನು ಯಾವ ವರ್ಷದ ತಲೆಗಳಿಂದ ಭಾಗಿಸಲಾಗಿದೆ ಎಂದು ಕೇಳುವವರು ಅಲ್ಲಿಯೂ ವಿರಳ.

ಆದರೆ ವೈದ್ಯರು ಛೇದವನ್ನು ಮರೆತರೆ ಜೀವಕ್ಕೇ ಸಂಚಕಾರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗಿನ ಕಡಿತದಿಂದ ಬರುವ ಮಂಗನ ಕಾಯಿಲೆಯನ್ನೇ ನೋಡೋಣ. ಇದರ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಅದನ್ನು ಒಂದು ತಿಂಗಳ ಅಂತರದಲ್ಲಿ ಎರಡು ಬಾರಿ, ಆರರಿಂದ ಒಂಬತ್ತು ತಿಂಗಳ ಬಳಿಕ ಮತ್ತೊಮ್ಮೆ ಚುಚ್ಚಬೇಕಿತ್ತು. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಆಧರಿಸಿದ ಅಧ್ಯಯನವೊಂದು, ಎರಡು ಡೋಸ್‌ನ ಪರಿಣಾಮವನ್ನು ಶೇ 62.4, ಮೂರನೆಯದೂ ಸೇರಿದರೆ ಶೇ 82.9 ಎಂದು ಅಂದಾಜಿಸಿತು.

ಸಾವಿರ ಜನರ ಒಂದು ಕಾಲ್ಪನಿಕ ಹಳ್ಳಿ. 900 ಮಂದಿ ಎರಡು ಡೋಸ್ ಪಡೆದಿದ್ದಾರೆ, 100 ಮಂದಿ ಪಡೆದಿಲ್ಲ. ಲಸಿಕೆ ಪಡೆಯದವರಲ್ಲಿ ಹತ್ತಕ್ಕೊಬ್ಬರಂತೆ 10 ಜನರಿಗೆ ರೋಗ ತಗುಲಿತೆನ್ನೋಣ. ಲಸಿಕೆಯೇ ಇಲ್ಲದಿದ್ದರೆ ಉಳಿದ 900ರಲ್ಲಿ 90 ಮಂದಿಗೆ ಬರುತ್ತಿತ್ತು. ಈಗ ಸುಮಾರು 34 ಮಂದಿಗೆ ಬಂದಿದೆ. ಒಟ್ಟು ರೋಗಿಗಳು 44, ಅವರಲ್ಲಿ 34 ಜನ ಲಸಿಕೆ ಪಡೆದವರೇ! ಆರೋಗ್ಯ ಕೇಂದ್ರದ ಹೊರರೋಗಿಗಳ ಸಾಲನ್ನಷ್ಟೇ ಕಂಡವರು ಲಸಿಕೆ ನಿಷ್ಫಲವೆಂದರೆ ಅದನ್ನು ಅಲ್ಲಗಳೆಯಲು, ಲಸಿಕೆ 56 ಜನರನ್ನು ಉಳಿಸಿದೆ ಎಂದು ತೋರಿಸಬಲ್ಲ ವೈದ್ಯರು ಬೇಕು. ಮೊದಲ ಚುಚ್ಚುಮದ್ದಿನ ನೋವಿಗೇ ಬೇಸತ್ತವರನ್ನು ಮುಂದಿನದಕ್ಕೆ ಕರೆತರುವುದು ಆ ವೈದ್ಯರ ಮಾತಿನಿಂದಲೇ ಆಗಬೇಕು.

ಈಗ ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ಅದು ಬರುವ ಮೊದಲೇ ಘಟ್ಟದ ಮೇಲಿನ ಹಾಗೂ ಕೆಳಗಿನ ಆರೋಗ್ಯ ಕೇಂದ್ರಗಳಲ್ಲಿ ಊರಿನ ಒಟ್ಟು ಜನ ಎಷ್ಟು, ಕಾಡಿಗೆ ಹೋಗುವವರು ಯಾರು ಎಂಬ ಮನೆವಾರು ಪಟ್ಟಿ ಸಿದ್ಧವಾಗಬೇಕು. ಆಶಾ ಕಾರ್ಯಕರ್ತೆಯರ ಜೊತೆ ಆ ಮನೆಗಳಿಗೆ ಹೋಗಿ ಪಟ್ಟಿ ತಯಾರಿಸುವ ಕೆಲಸವನ್ನು ವೈದ್ಯ ವಿದ್ಯಾರ್ಥಿಗಳಿಗೆ ಪಾಠವಾಗಿಯೇ ಒಪ್ಪಿಸಬಹುದು.