ಪ್ಲೇ ಆಫ್ ಲೆಕ್ಕಾಚಾರ: ವಾದವಿರಲಿ, ಪಣ ಬೇಡ

ಮೇ ತಿಂಗಳ ಮೂರನೆಯ ವಾರ ಬಂತೆಂದರೆ ದಾವಣಗೆರೆ ಜಿಲ್ಲೆಯ ಹೋಟೆಲುಗಳಲ್ಲಿ ಎರಡು ಭವಿಷ್ಯಗಳು ಏಕಕಾಲಕ್ಕೆ ಚರ್ಚೆಗೆ ಬರುತ್ತವೆ. ಮುಂಗಾರು ಯಾವಾಗ ಇಳಿಯುತ್ತದೆ ಎಂಬುದು ಒಂದು. ಐಪಿಎಲ್ ಪ್ಲೇ ಆಫ್‌ನಲ್ಲಿ ಯಾವ ತಂಡ ಗೆದ್ದು ಬರುತ್ತದೆ ಎಂಬುದು ಇನ್ನೊಂದು. ಚನ್ನಗಿರಿಯ ಅಡಿಕೆ ಬೆಳೆಗಾರ, ಹೊನ್ನಾಳಿಯ ಭತ್ತದ ರೈತ, ನ್ಯಾಮತಿಯ ಬಸ್ ನಿಲ್ದಾಣದ ವ್ಯಾಪಾರಿ, ಜಗಳೂರಿನ ಕಾಲೇಜು ವಿದ್ಯಾರ್ಥಿ ಎಲ್ಲರೂ ಈ ಎರಡೂ ವಿಷಯಗಳಲ್ಲಿ ಅಭಿಪ್ರಾಯ ಉಳ್ಳವರೇ. ಆದರೆ ಎರಡರ ಭಾಷೆಯಲ್ಲಿ ಒಂದು ಗಮನಾರ್ಹ ವ್ಯತ್ಯಾಸವಿದೆ. ಮಳೆಯ ವಿಷಯದಲ್ಲಿ ರೈತ ಬಹು ಎಚ್ಚರದಿಂದ ಮಾತನಾಡುತ್ತಾನೆ. ‘ರೋಹಿಣಿ ಹಿಡಿದರೂ ಹಿಡಿಯಬಹುದು, ಹೇಳಲಿಕ್ಕಾಗದು’ ಎನ್ನುತ್ತಾನೆ. ಅದೇ ರೈತ ಮಂಡಕ್ಕಿ ಮೆಣಸಿನಕಾಯಿಯ ತಟ್ಟೆ ಮುಂದಿಟ್ಟುಕೊಂಡು ಕ್ರಿಕೆಟ್ಟಿಗೆ ಹೊರಳಿದರೆ ‘ಈ ಸಲ ಕಪ್ ನಮ್ದೆ’ ಎಂದು ಖಡಾಖಂಡಿತವಾಗಿ ಸಾರುತ್ತಾನೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಸರ್ಕಾರಿ ಸೇವೆಯ ಹಲವು ವರ್ಷ ಓಡಾಡಿದ ನನಗೆ ಇಂಥ ವಾದಗಳನ್ನು ಕೇಳುವುದೆಂದರೆ ಈಗಲೂ ಪ್ರೀತಿ. ಅಂಕಪಟ್ಟಿ, ಉಳಿದ ಪಂದ್ಯಗಳು, ನೆಟ್ ರನ್‌ರೇಟ್ ಇತ್ಯಾದಿಗಳನ್ನು ಬಾಯಿಲೆಕ್ಕದಲ್ಲೇ ಬಿಡಿಸಬಲ್ಲ ಯುವಕರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಜನಸಾಮಾನ್ಯರು ಸಾಧ್ಯತೆ-ಅಸಾಧ್ಯತೆಗಳ ಲೆಕ್ಕವನ್ನು ಬಹಿರಂಗವಾಗಿ, ಪರಸ್ಪರ ಪ್ರಶ್ನಿಸುತ್ತ ಮಾಡುವ ಸಂದರ್ಭಗಳು ನಮ್ಮ ಸಾರ್ವಜನಿಕ ಜೀವನದಲ್ಲಿ ತೀರಾ ವಿರಳ. ಪ್ಲೇ ಆಫ್ ಚರ್ಚೆ ಅಂಥದೊಂದು. ಆದ್ದರಿಂದಲೇ ಅದನ್ನು ಕೆಲಸವಿಲ್ಲದವರ ಹರಟೆ ಎಂದು ತಳ್ಳಿಹಾಕುವುದು ಸರಿಯಲ್ಲ. ಅದನ್ನು ಕೆಡಿಸುವ ಶತ್ರುಗಳು ಎರಡು. ಒಂದು, ಸಲ್ಲದ ಖಚಿತತೆ. ಇನ್ನೊಂದು, ಹಣ.

ಮೊದಲು ಲೆಕ್ಕವನ್ನೇ ನೋಡೋಣ. 2008ರಿಂದ 2010ರವರೆಗೆ ಐಪಿಎಲ್‌ನಲ್ಲಿ ಇದ್ದದ್ದು ಸಾಧಾರಣ ಸೆಮಿಫೈನಲ್ ಪದ್ಧತಿ. ಅಂಕಪಟ್ಟಿಯ ಮೊದಲಿಗನಿಗೂ ನಾಲ್ಕನೆಯವನಿಗೂ ಅಲ್ಲಿ ಭೇದವಿರಲಿಲ್ಲ, ಸೋತವನು ಮನೆಗೆ. 2009ರಲ್ಲಿ ಮೂರನೆಯ ಸ್ಥಾನದ ಬೆಂಗಳೂರು ಮತ್ತು ನಾಲ್ಕನೆಯ ಸ್ಥಾನದ ಡೆಕ್ಕನ್ ಚಾರ್ಜರ್ಸ್ ಫೈನಲ್ ತಲುಪಿ, ಡೆಕ್ಕನ್ ಪ್ರಶಸ್ತಿ ಗೆದ್ದಿತು. ಮರುವರ್ಷ ಮೂರನೆಯ ಸ್ಥಾನದ ಚೆನ್ನೈ ಗೆದ್ದಿತು. 2011ರಿಂದ ಪದ್ಧತಿ ಬದಲಾಯಿತು. ಮೊದಲೆರಡು ಸ್ಥಾನದ ತಂಡಗಳು ಮೊದಲ ಕ್ವಾಲಿಫೈಯರ್ ಆಡುತ್ತವೆ. ಗೆದ್ದವರು ನೇರ ಫೈನಲ್‌ಗೆ, ಸೋತವರಿಗೆ ಇನ್ನೊಂದು ಅವಕಾಶ. ಮೂರು ಮತ್ತು ನಾಲ್ಕನೆಯ ತಂಡಗಳಿಗೆ ಎಲಿಮಿನೇಟರ್. ಅಲ್ಲಿ ಸೋತರೆ ಕಥೆ ಮುಗಿಯಿತು. ಈ ಕ್ರಮ ಹೊಸದೇನಲ್ಲ. ಆಸ್ಟ್ರೇಲಿಯದ ವಿಕ್ಟೋರಿಯ ಫುಟ್‌ಬಾಲ್ ಲೀಗ್ 1931ರಲ್ಲೇ ಇದನ್ನು ಅಳವಡಿಸಿಕೊಂಡಿತ್ತು.

ಒಂದು ನಿಯಮದ ಬದಲಾವಣೆ ಎಷ್ಟು ವ್ಯತ್ಯಾಸ ಮಾಡುತ್ತದೆ? ನಾಲ್ಕೂ ತಂಡಗಳು ಸಮಬಲದವು, ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದಂತೆ ಎಂದು ಭಾವಿಸಿ. ಮೂರನೆಯ ಅಥವಾ ನಾಲ್ಕನೆಯ ತಂಡ ಸತತ ಮೂರು ಪಂದ್ಯ ಗೆಲ್ಲಬೇಕು. ಅದರ ಸಾಧ್ಯತೆ ಎಂಟರಲ್ಲಿ ಒಂದು. ಮೊದಲೆರಡು ತಂಡಗಳ ಪೈಕಿ ಪ್ರತಿಯೊಂದರ ಸಾಧ್ಯತೆ ಎಂಟರಲ್ಲಿ ಮೂರು. ಅಂದರೆ ಆಟದಲ್ಲಿ ಯಾವ ಮೇಲುಗೈ ಇಲ್ಲದಿದ್ದರೂ, ಬರೀ ನಿಯಮದ ಬಲದಿಂದಲೇ ಮೇಲಿನ ಎರಡು ಸ್ಥಾನಗಳಿಗೆ ಮೂರು ಪಟ್ಟು ಅನುಕೂಲ.

ಇನ್ನು ನಡೆದದ್ದೇನು? 2011ರಿಂದ 2025ರವರೆಗಿನ 15 ಋತುಗಳಲ್ಲಿ ಅಗ್ರಸ್ಥಾನದ ತಂಡ 5 ಸಲ, ಎರಡನೆಯ ಸ್ಥಾನದ ತಂಡ 9 ಸಲ ಪ್ರಶಸ್ತಿ ಗೆದ್ದಿವೆ. ಕೆಳಗಿನಿಂದ ಬಂದು ಗೆದ್ದದ್ದು ಒಂದೇ ತಂಡ, 2016ರ ಸನ್‌ರೈಸರ್ಸ್ ಹೈದರಾಬಾದ್. ನಾಲ್ಕನೆಯ ಸ್ಥಾನದಿಂದ ಯಾರೂ ಗೆದ್ದಿಲ್ಲ. ಮೊದಲ ಕ್ವಾಲಿಫೈಯರ್ ಗೆದ್ದ ತಂಡವೇ 15ರಲ್ಲಿ 12 ಸಲ ಚಾಂಪಿಯನ್ ಆಗಿದೆ. 2018ರಿಂದ 2025ರವರೆಗಂತೂ ಎಂಟಕ್ಕೆ ಎಂಟೂ ಸಲ. ಆದ್ದರಿಂದ ಪ್ಲೇ ಆಫ್ ಆರಂಭಕ್ಕೆ ಮೊದಲು ಒಂದೇ ಪ್ರಶ್ನೆ ಕೇಳಲು ಅವಕಾಶವಿದ್ದರೆ, ‘ಯಾರ ಬ್ಯಾಟಿಂಗ್ ಬಲಿಷ್ಠ’ ಎಂದು ಕೇಳಬೇಡಿ, ‘ಮೊದಲೆರಡು ಸ್ಥಾನ ಯಾರದು’ ಎಂದು ಕೇಳಿ.

ಇಲ್ಲಿಯೂ ಎಚ್ಚರ ಅಗತ್ಯ. ಎರಡನೆಯ ಸ್ಥಾನ ಮೊದಲನೆಯದಕ್ಕಿಂತ ಅದೃಷ್ಟದ್ದು ಎಂದು ಯಾರಾದರೂ ವಾದಿಸಿದರೆ ಒಪ್ಪಬೇಕಿಲ್ಲ. ನಾಣ್ಯವನ್ನು 14 ಸಲ ಚಿಮ್ಮಿದರೆ 9-5 ಅಥವಾ ಅದಕ್ಕೂ ಹೆಚ್ಚಿನ ಏರುಪೇರು ಹತ್ತರಲ್ಲಿ ನಾಲ್ಕು ಬಾರಿ ತಾನಾಗಿಯೇ ಬರುತ್ತದೆ. ಕೆಳಗಿನ ಎರಡು ತಂಡಗಳು ಒಂದೇ ಸಲ ಗೆದ್ದದ್ದು ಕೂಡ ಬರಿಯ ಆಕಸ್ಮಿಕವಾಗಿರುವ ಸಾಧ್ಯತೆ ನೂರಕ್ಕೆ ಎಂಟರಷ್ಟಿದೆ. ಹದಿನೈದು ವರ್ಷ ನಮಗೆ ದೀರ್ಘವೆನಿಸಬಹುದು. ಸಂಖ್ಯಾಶಾಸ್ತ್ರಕ್ಕೆ ಅದು ಬಹು ಚಿಕ್ಕ ಮಾದರಿ.

ಕಟ್ಟೆಯ ಮೇಲಿನ ವಾದಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮೂರು ತರ್ಕಗಳನ್ನು ಪರಿಶೀಲಿಸಬಹುದು. ಮೊದಲನೆಯದು ಲಯದ ತರ್ಕ: ಕೊನೆಯ ಪಂದ್ಯಗಳನ್ನು ಸತತವಾಗಿ ಗೆದ್ದು ಬಂದ ತಂಡವನ್ನು ತಡೆಯಲಾಗದು ಎಂಬುದು. 2024ರಲ್ಲಿ ಬೆಂಗಳೂರು ಮೊದಲ ಎಂಟರಲ್ಲಿ ಏಳು ಸೋತು, ನಂತರ ಸತತ ಆರು ಗೆದ್ದಿತು. ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆನ್ನೈಯನ್ನು ಕನಿಷ್ಠ 18 ರನ್‌ಗಳಿಂದ ಸೋಲಿಸಬೇಕಿತ್ತು; 27 ರನ್‌ಗಳಿಂದ ಸೋಲಿಸಿತು. ಇಬ್ಬರದೂ 14 ಅಂಕ. ರನ್‌ರೇಟ್ ಆಧಾರದ ಮೇಲೆ ಬೆಂಗಳೂರು ಒಳಗೆ, ಚೆನ್ನೈ ಹೊರಗೆ. ಆ ರಾತ್ರಿಯ ಸಂಭ್ರಮ ನೋಡಿದವರು ಕಪ್ ಬಂದೇಬಿಟ್ಟಿತೆಂದು ಭಾವಿಸಿದ್ದರು. ನಾಲ್ಕೇ ದಿನಗಳಲ್ಲಿ ಎಲಿಮಿನೇಟರ್‌ನಲ್ಲಿ ರಾಜಸ್ಥಾನದ ಎದುರು ಆ ಲಯ ಮುರಿಯಿತು.

ಎರಡನೆಯದು ತವರು ನೆಲದ ತರ್ಕ. 2012ರ ಫೈನಲ್ ಚೆನ್ನೈಯಲ್ಲಿ ನಡೆಯಿತು, ಚೆನ್ನೈ ಸೋತಿತು. 2016ರಲ್ಲಿ ಬೆಂಗಳೂರಿನಲ್ಲಿ ನಡೆಯಿತು, ಬೆಂಗಳೂರು ಸೋತಿತು. ಅಹಮದಾಬಾದಿನಲ್ಲಿ ಗುಜರಾತ್ 2022ರಲ್ಲಿ ಗೆದ್ದಿತು, 2023ರಲ್ಲಿ ಸೋತಿತು. ಮೂರನೆಯದು ಮಹಾನ್ ಆಟಗಾರನ ತರ್ಕ. ವಿರಾಟ್ ಕೊಹ್ಲಿ 2016ರಲ್ಲಿ ಒಂದೇ ಋತುವಿನಲ್ಲಿ 973 ರನ್ ಗಳಿಸಿದರು. ಕಪ್ ಹೈದರಾಬಾದಿಗೆ ಹೋಯಿತು, 8 ರನ್‌ಗಳ ಅಂತರದಲ್ಲಿ. ಈ ತರ್ಕಗಳಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪ್ರತಿಯೊಂದೂ ಸಾಧ್ಯತೆಯನ್ನು ತುಸು ಆಚೀಚೆ ಸರಿಸಬಹುದು, ಖಚಿತತೆಯನ್ನು ಮಾತ್ರ ಯಾವುದೂ ಕೊಡಲಾರದು.

ಏಕೆ ಕೊಡಲಾರದು ಎಂಬುದನ್ನು ತಿಳಿಯಲು ಕನ್ನಡಿಗರಿಗೆ ಮೂರು ಪಂದ್ಯಗಳು ಸಾಕು. 2009ರ ಮೇ ತಿಂಗಳಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಬೆಂಗಳೂರು ಐಪಿಎಲ್ ಫೈನಲ್ ಸೋತದ್ದು 6 ರನ್‌ಗಳಿಂದ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ರಣಜಿ ಫೈನಲ್. ಗೆಲ್ಲಲು 338 ರನ್ ಬೇಕಿದ್ದ ಕರ್ನಾಟಕ, ಮನೀಶ್ ಪಾಂಡೆಯವರ ಅಮೋಘ ಶತಕದ ನಂತರವೂ 331ಕ್ಕೆ ಆಲೌಟಾಗಿ ಮುಂಬೈಗೆ ಶರಣಾಯಿತು. ಅಲ್ಲಿಯೂ ಅಂತರ 6 ರನ್. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಮಣಿಸಿ ಬೆಂಗಳೂರು ಹದಿನೆಂಟನೆಯ ಪ್ರಯತ್ನದಲ್ಲಿ ಕೊನೆಗೂ ಗೆದ್ದದ್ದು ಕೂಡ 6 ರನ್‌ಗಳಿಂದಲೇ. ಒಂದು ಸಿಕ್ಸರ್‌ನಷ್ಟು ಅಂತರ. ಮೊದಲೆರಡು ಸಲ ‘ನಮ್ಮವರಿಗೆ ಒತ್ತಡ ತಾಳಿಕೊಳ್ಳುವ ಗುಣವಿಲ್ಲ’ ಎಂದವರೇ ಮೂರನೆಯ ಸಲ ‘ಇದು ಚಾಂಪಿಯನ್ನರ ಗುಣ’ ಎಂದರು.

ಕಂದಾಯ ಮತ್ತು ಕೃಷಿ ಇಲಾಖೆಗಳಲ್ಲಿ ದುಡಿದವರಿಗೆ ‘ಬೆಳೆ ಕಟಾವು ಪ್ರಯೋಗ’ ಪರಿಚಿತ. ಜಗಳೂರು ತಾಲ್ಲೂಕಿನ ಮೆಕ್ಕೆಜೋಳದ ಇಳುವರಿ ಅಂದಾಜಿಸಬೇಕಾದರೆ ಇಡೀ ತಾಲ್ಲೂಕನ್ನು ಕೊಯ್ದು ತೂಗುವುದಿಲ್ಲ. ಚೀಟಿ ಎತ್ತಿದಂತೆ ಕೆಲವು ಸರ್ವೆ ನಂಬರುಗಳನ್ನು ಆರಿಸಿ, ಪ್ರತಿಯೊಂದರಲ್ಲೂ ಸಣ್ಣದೊಂದು ತುಂಡು ಅಳೆದು, ಕಟಾವು ಮಾಡಿ ತೂಗುತ್ತೇವೆ. ಒಂದೇ ತುಂಡನ್ನು ನೋಡಿ ತಾಲ್ಲೂಕಿನ ಇಳುವರಿ ಹೇಳಿದ ಅಧಿಕಾರಿಯನ್ನು ಯಾರೂ ನಂಬುವುದಿಲ್ಲ. 14 ಲೀಗ್ ಪಂದ್ಯಗಳೆಂದರೆ ಹದಿನಾಲ್ಕು ತುಂಡುಗಳು. ಫೈನಲ್ ಎಂದರೆ ಒಂದೇ ತುಂಡು. ಅಮೆರಿಕದ ಬೇಸ್‌ಬಾಲ್‌ನವರು ಈ ಸಮಸ್ಯೆಯನ್ನು ಅರಿತೇ ತಮ್ಮ ಅಂತಿಮ ಹಣಾಹಣಿಯನ್ನು ಏಳು ಪಂದ್ಯಗಳ ಸರಣಿಯಾಗಿ ಇಟ್ಟಿದ್ದಾರೆ; ನಾಲ್ಕು ಗೆದ್ದವರು ಚಾಂಪಿಯನ್. ಆದರೆ ಅದೂ ಪೂರ್ಣ ಪರಿಹಾರವಲ್ಲ. ಒಂದು ಪಂದ್ಯದಲ್ಲಿ ಗೆಲ್ಲುವ ಸಾಧ್ಯತೆ ನೂರಕ್ಕೆ 55 ಇರುವ ಉತ್ತಮ ತಂಡ, ಏಳು ಪಂದ್ಯಗಳ ಸರಣಿಯನ್ನು ಗೆಲ್ಲುವ ಸಾಧ್ಯತೆ ನೂರಕ್ಕೆ 61ರಷ್ಟೇ. ಉಳಿದದ್ದು ಗಾಳಿ, ಇಬ್ಬನಿ, ಒಂದು ಕೈತಪ್ಪಿದ ಕ್ಯಾಚ್.

ಇದು ಇಷ್ಟಕ್ಕೇ ನಿಂತಿದ್ದರೆ ಲೇಖನ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಆದರೆ ಖಚಿತತೆಯ ಭ್ರಮೆಯ ಹಿಂದೆಯೇ ಹಣ ಬರುತ್ತದೆ. ಹಿಂದೆ ನಮ್ಮ ಊರುಗಳನ್ನು ಕಾಡಿದ್ದು ಓ.ಸಿ., ಮಟ್ಕಾ. ಸಂಜೆಯ ಒಂದು ಅಂಕಿಗಾಗಿ ದಿನಗೂಲಿ ಕಳೆದುಕೊಂಡವರನ್ನು ಸೇವೆಯಲ್ಲಿದ್ದಾಗ ಹತ್ತಿರದಿಂದ ಕಂಡಿದ್ದೇನೆ. ಗಂಡ ಕೈಸಾಲ ತೀರಿಸಲು ಜಮೀನು ಬರೆದುಕೊಟ್ಟನೆಂದು ಪಹಣಿ ಹಿಡಿದು ಕಚೇರಿಗೆ ಬಂದ ಹೆಣ್ಣುಮಕ್ಕಳಿದ್ದರು. ಸಾಲ ಏಕಾಯಿತೆಂದು ವಿಚಾರಿಸಿದರೆ ಉತ್ತರಕ್ಕೆ ಬಹಳ ಹೊತ್ತು ಕಾಯಬೇಕಾಗುತ್ತಿತ್ತು. ಮಟ್ಕಾ ಆಡುವವನು ಕನಿಷ್ಠ ಅದು ಅದೃಷ್ಟದಾಟ ಎಂದು ಒಪ್ಪುತ್ತಿದ್ದ. ಕ್ರಿಕೆಟ್ ಬೆಟ್ಟಿಂಗ್‌ನ ಅಪಾಯವೇ ಬೇರೆ. ಇಲ್ಲಿ ಹುಡುಗನಿಗೆ ನಿಜವಾಗಿಯೂ ಆಟ ಗೊತ್ತಿರುತ್ತದೆ. ಆಟ ಗೊತ್ತಿದೆ ಎಂಬುದನ್ನೇ ಫಲಿತಾಂಶ ಗೊತ್ತಿದೆ ಎಂದು ಅವನು ತಿಳಿದುಕೊಳ್ಳುತ್ತಾನೆ.

ಇದರ ಅರ್ಥಶಾಸ್ತ್ರ ಸರಳ. ಸಮಬಲದ ಪಂದ್ಯದಲ್ಲಿ 100 ರೂಪಾಯಿ ಕಟ್ಟಿದವನಿಗೆ ಬುಕ್ಕಿ ಗೆದ್ದರೆ 90 ರೂಪಾಯಿ ಕೊಡುತ್ತಾನೆ ಎಂದಿಟ್ಟುಕೊಳ್ಳಿ. ಸರಾಸರಿಯಲ್ಲಿ ಪ್ರತಿ ನೂರಕ್ಕೆ 5 ರೂಪಾಯಿ ನಷ್ಟ. ಈ ಐದು ರೂಪಾಯಿ ಅತ್ಯಲ್ಪವೆಂದು ತೋರುವುದರಲ್ಲೇ ಮೋಸವಿದೆ. 74 ಪಂದ್ಯಗಳ ಋತುವಿನಲ್ಲಿ ಪ್ರತಿ ಪಂದ್ಯಕ್ಕೆ ಸಾವಿರ ಕಟ್ಟುವವನು ಸರಾಸರಿ 3,700 ರೂಪಾಯಿ ಕಳೆದುಕೊಳ್ಳುತ್ತಾನೆ. ಕಳೆದದ್ದನ್ನು ಮರಳಿ ಪಡೆಯಲು ಪಣವನ್ನು ಇಮ್ಮಡಿಗೊಳಿಸುತ್ತ ಹೋದವನ ಲೆಕ್ಕ ಬೇರೆಯೇ. ಅವನು ಫೈನಲ್ ತಲುಪುವ ಮೊದಲೇ ಸಾಲಗಾರ. ಅಡಿಕೆಯ ಧಾರಣೆ ಬಿದ್ದಾಗ ಬೆಳೆಗಾರನ ಬಳಿ ಮಾಲಾದರೂ ಉಳಿದಿರುತ್ತದೆ, ದಾಸ್ತಾನಿಟ್ಟು ಕಾಯಬಹುದು. ಸೋತ ಪಣವನ್ನು ದಾಸ್ತಾನಿಡುವ ಗೋದಾಮು ಎಲ್ಲಿಯೂ ಇಲ್ಲ.

ಶಾಸನದ ಪ್ರಯತ್ನಗಳೂ ನಡೆದಿವೆ. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿ, ಹಣದ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಸ್ವಾಗತಾರ್ಹ ಹೆಜ್ಜೆ. ಆದರೆ ನಿಷೇಧ ಎಷ್ಟರಮಟ್ಟಿಗೆ ಹಳ್ಳಿಯನ್ನು ಮುಟ್ಟುತ್ತದೆ ಎಂಬ ಅನುಭವ ಆಡಳಿತದಲ್ಲಿದ್ದವರಿಗೆಲ್ಲ ಉಂಟು. ಮಟ್ಕಾ ಕೂಡ ಎಂದೂ ಕಾನೂನುಬದ್ಧವಾಗಿರಲಿಲ್ಲ. ಬೇಡಿಕೆ ಉಳಿದಿರುವವರೆಗೆ ಪೂರೈಕೆ ಯಾವುದಾದರೊಂದು ಸಂದಿಯಿಂದ ಬಂದೇ ಬರುತ್ತದೆ. ಆದ್ದರಿಂದ ಬೇಡಿಕೆಯ ಮೂಲವಾದ ‘ನನಗೆ ಗೊತ್ತು’ ಎಂಬ ಭಾವನೆಯನ್ನೇ ತಿದ್ದಬೇಕು.

ಲೆಕ್ಕವಿಲ್ಲದ ಉತ್ಸಾಹದ ಬೆಲೆಯನ್ನು ನಾವು ಇನ್ನೊಂದು ರೀತಿಯಲ್ಲಿಯೂ ತೆತ್ತಿದ್ದೇವೆ. ಗೆಲುವಿನ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಯಾರು ಗೆಲ್ಲುತ್ತಾರೆ ಎಂಬ ಬಗ್ಗೆ ಇಡೀ ನಾಡು ವಾರಗಟ್ಟಲೆ ಲೆಕ್ಕ ಹಾಕಿತ್ತು. ಗೆದ್ದರೆ ಎಷ್ಟು ಜನ ಸೇರಬಹುದು ಎಂಬ ಲೆಕ್ಕಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ಸಾಧ್ಯತೆಗಳನ್ನು ತೂಗಿನೋಡುವ ಅಭ್ಯಾಸ ಆಟಕ್ಕಷ್ಟೇ ಸೀಮಿತವಲ್ಲವೆಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ಬೇಕಿಲ್ಲ.

ನನ್ನ ಸಲಹೆ ಸರಳವಾದದ್ದು. ಮುಂದಿನ ಪ್ಲೇ ಆಫ್‌ಗೆ ಮೊದಲು ಪ್ರೌಢಶಾಲೆ, ಕಾಲೇಜುಗಳ ಗಣಿತ ಅಧ್ಯಾಪಕರು ರಜೆಯಲ್ಲಿರುವ ತಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡಲಿ. ನಾಲ್ಕು ತಂಡಗಳಿಗೆ ನೂರು ಅಂಕಗಳನ್ನು ಹಂಚಿ, ಕಾರಣ ಸಹಿತ ಬರೆದಿಡಲಿ. ಯಾವ ತಂಡಕ್ಕೂ ನೂರು ಕೊಡುವಂತಿಲ್ಲ, ಯಾವುದಕ್ಕೂ ಸೊನ್ನೆ ಕೊಡುವಂತಿಲ್ಲ. ಫೈನಲ್ ಮುಗಿದ ಮೇಲೆ ಹಾಳೆ ತೆರೆದು ನೋಡಲಿ. ನಾಲ್ಕಾರು ವರ್ಷ ಹೀಗೆ ಬರೆದಿಟ್ಟ ಹುಡುಗ ಸಾಲ ಮಾಡಿ ಪಣ ಕಟ್ಟುವುದು ಕಷ್ಟ. ಅವನ ಊಹೆಗಳ ಚರಿತ್ರೆ ಅವನ ಕೈಯಲ್ಲೇ ಇರುತ್ತದೆ. ಊರಿನ ಹಿರಿಯರೂ ಈ ಹಾಳೆ ಬರೆಯಬಹುದು. ‘ಬೆಂಗಳೂರಿಗೆ ನಲವತ್ತು’ ಎಂದು ಬರೆದಾಕ್ಷಣ ಅಭಿಮಾನವೇನೂ ಕಡಿಮೆಯಾಗುವುದಿಲ್ಲ.

ದಾವಣಗೆರೆಯ ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ರಣಜಿ ಗೆದ್ದಾಗ ಈ ಜಿಲ್ಲೆ ಪಟ್ಟ ಹೆಮ್ಮೆಗೆ ಯಾವ ಬುಕ್ಕಿಯ ನೆರವೂ ಬೇಕಿರಲಿಲ್ಲ. ಆಟದ ಸುಖ ಅನಿಶ್ಚಿತತೆಯಲ್ಲಿದೆ. ಮಳೆಯನ್ನು ಕುರಿತು ‘ಬಂದರೂ ಬರಬಹುದು’ ಎನ್ನುವ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹೊಲದಲ್ಲಿ ಬಳಸುವ ಆ ವಿವೇಕವನ್ನು ಅವನು ಹೋಟೆಲಿನ ಮೇಜಿಗೂ ತಂದರೆ ಸಾಕು.