ಡೈರೆಕ್ಟ್ ಮಾಡಿದ ಗಾಡಿ

ರಾತ್ರಿ ಜೋರು ಮಳೆ ಬಿದ್ದಿದ್ದರೆ, ಮರುದಿನ ಬೆಳಗ್ಗೆ ಮಾರತ್ತಹಳ್ಳಿಯ ಬೈಕ್ ಗ್ಯಾರೇಜುಗಳ ಮುಂದೆ ಒಂದು ದೂರು ಕಿವಿಗೆ ಬಿದ್ದೇ ಬೀಳುತ್ತದೆ: ‘ಅಣ್ಣಾ, ಸೆಲ್ಫ್ ಹೊಡೀತಿಲ್ಲ.’ ಲೈಟು ಉರಿಯುತ್ತದೆ, ಹಾರನ್ನು ಗಟ್ಟಿಯಾಗಿಯೇ ಕೂಗುತ್ತದೆ, ಅಂದರೆ ಬ್ಯಾಟರಿಯಲ್ಲಿ ದಮ್ಮಿದೆ. ಬಟನ್ ಒತ್ತಿದರೆ ಮಾತ್ರ ಟಿಕ್ ಎಂಬ ಸದ್ದೂ ಇಲ್ಲ. ಮೆಕ್ಯಾನಿಕ್ಕು ಎಡಗಡೆಯ ಹಿಡಿಯ ಬುಡಕ್ಕೆ ಬೆರಳು ತೂರಿಸಿ ಎರಡು ಸಣ್ಣ ವೈರುಗಳನ್ನು ಈಚೆಗೆಳೆಯುತ್ತಾನೆ. ‘ಕ್ಲಚ್ ಸ್ವಿಚ್ ಹೋಗಿದೆ ಸಾರ್. ಡೈರೆಕ್ಟ್ ಮಾಡ್ಕೊಡ್ಲಾ?’

ಡೈರೆಕ್ಟ್ ಎಂದರೆ ಎರಡೂ ವೈರುಗಳ ತುದಿ ಸುಲಿದು, ಒಂದಕ್ಕೊಂದು ಹೊಸೆದು, ಮೇಲೊಂದು ಸುತ್ತು ಇನ್ಸುಲೇಷನ್ ಟೇಪು. ಗಿರಾಕಿ ಟೀ ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಆಗಿರುತ್ತದೆ. ಊಟದ ಪೊಟ್ಟಣ ಹೊತ್ತು ಕುಂದಲಹಳ್ಳಿ ಗೇಟಿನಿಂದ ಬೆಳ್ಳಂದೂರಿನವರೆಗೆ ಓಡಾಡುವ ಹುಡುಗನಿಗೆ ಗ್ಯಾರೇಜಿನಲ್ಲಿ ಕಳೆದ ಒಂದೊಂದು ತಾಸೂ ಸಂಪಾದನೆಯಲ್ಲಿ ಖೋತಾ. ಅವನು ‘ಹೂಂ, ಮಾಡಿ’ ಅಂದರೆ ತಪ್ಪು ಹುಡುಕುವುದಕ್ಕೆ ನನಗೆ ಮನಸ್ಸಾಗುವುದಿಲ್ಲ. ನನ್ನ ತಕರಾರು ಇರುವುದು ಆ ಟೇಪು ವರ್ಷಗಟ್ಟಲೆ ಅಲ್ಲೇ ಉಳಿದುಬಿಡುವುದರ ಬಗ್ಗೆ.

ಆ ಸ್ವಿಚ್ಚು ಮಾಡುವ ಕೆಲಸ ಇಷ್ಟೇ. ಸ್ಟಾರ್ಟರ್ ಮೋಟಾರು ತಿರುಗಲು ಹತ್ತಾರು ಆಂಪಿಯರ್ ಕರೆಂಟು ಬೇಕು. ಅದು ಬ್ಯಾಟರಿಯಿಂದ ದಪ್ಪ ಕೇಬಲ್ಲಿನಲ್ಲಿ, ರಿಲೇ ದಾಟಿ ಹೋಗುತ್ತದೆ. ಆ ರಿಲೇಯನ್ನು ಎಬ್ಬಿಸುವ ತೆಳು ಕರೆಂಟು ಮಾತ್ರ ಕ್ಲಚ್ ಸ್ವಿಚ್ಚಿನ ಮೂಲಕ ಹಾಯುತ್ತದೆ. ಲಿವರ್ ಬಿಟ್ಟಿರುವಾಗ ಅದರ ಹಿಮ್ಮಡಿ ಸ್ವಿಚ್ಚಿನ ಪ್ಲಾಸ್ಟಿಕ್ ಮೊಳೆಯನ್ನು ಒತ್ತಿ ಹಿಡಿದಿರುತ್ತದೆ, ದಾರಿ ಬಂದ್. ಲಿವರ್ ಹಿಡಿದರೆ ಮೊಳೆ ಸ್ಪ್ರಿಂಗಿನ ಬಲದಿಂದ ಹೊರಚಾಚುತ್ತದೆ, ದಾರಿ ತೆರೆಯುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿದ್ದರೆ ಕರೆಂಟಿಗೆ ನ್ಯೂಟ್ರಲ್ ಸ್ವಿಚ್ಚಿನ ಮೂಲಕ ಇನ್ನೊಂದು ದಾರಿ ಉಂಟು. ಹಾಗಾಗಿ ಬಹಳಷ್ಟು ಬೈಕುಗಳು ಕ್ಲಚ್ ಹಿಡಿಯದಿದ್ದರೂ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಆಗುತ್ತವೆ. ಕೆಲವು ಮಾದರಿಗಳು ಮಾತ್ರ ನ್ಯೂಟ್ರಲ್ ಇದ್ದರೂ ಕ್ಲಚ್ ಹಿಡಿಯಲೇಬೇಕು ಎನ್ನುತ್ತವೆ.

ಹಳಬರಿಗೆ ಈ ಸ್ವಿಚ್ಚಿನ ಹಂಗೇ ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಹೊರತಂದ ಜಾವಾ, ಯೆಜ್ಡಿಗಳಲ್ಲಿ ಗೇರ್ ಲಿವರೇ ಕಿಕ್ಕರ್ ಕೂಡ. ಒತ್ತಿ ಮೇಲೆತ್ತಿದರೆ ಅದೇ ಕಬ್ಬಿಣ ಕಿಕ್ ಹೊಡೆಯಲು ಸಿದ್ಧ. ಗೇರ್ ಬದಲಿಸುವಾಗ ಕಾಲಿನ ಒತ್ತಡಕ್ಕೇ ಕ್ಲಚ್ ಬಿಟ್ಟುಕೊಳ್ಳುವ ಏರ್ಪಾಟೂ ಅದರಲ್ಲಿತ್ತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರಲ್ಲಿ ಗಾಡಿ ಗೇರಿನಲ್ಲಿದ್ದರೂ ಕ್ಲಚ್ ಹಿಡಿದು ಕಿಕ್ ಹೊಡೆಯಬಹುದಿತ್ತು. ಕ್ಲಚ್ ಹಿಡಿಯುವುದು ಮರೆತರೆ ಗಾಡಿ ಒಂದಡಿ ಮುಂದೆ ತಳ್ಳಿಕೊಂಡು ಕಾಲಿಗೇ ಪಾಠ ಹೇಳುತ್ತಿತ್ತು, ಅಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಕಾಲಿನ ಬಲಕ್ಕೆ ಒಂದು ಮಿತಿಯಿದೆ. ಮೋಟಾರಿಗೆ ಬಟನ್ ಒತ್ತಿದಷ್ಟು ಹೊತ್ತೂ ತಿರುಗುವುದೊಂದೇ ಗೊತ್ತು.

2001ರ ಕೊನೆಗೆ ಬಂದ ಪಲ್ಸರ್‌ನ ಕಾಲದಿಂದ ಸೆಲ್ಫ್ ಸ್ಟಾರ್ಟು ಸಾಮಾನ್ಯರ ಬೈಕಿಗೂ ಇಳಿಯಿತು. ಆದರೂ ಪಕ್ಕದಲ್ಲಿ ಕಿಕ್ಕರ್ ಇದ್ದೇ ಇತ್ತು. ಸೆಲ್ಫ್ ಕೈಕೊಟ್ಟರೆ ಎರಡು ಒದೆ ಕೊಟ್ಟು ಹೊರಡುತ್ತಿದ್ದೆವು, ಸ್ವಿಚ್ಚಿನ ರಿಪೇರಿ ಮುಂದಿನ ಸರ್ವಿಸಿಗೆ. ಈಗ ಅನೇಕ ಬೈಕುಗಳಲ್ಲಿ ಆ ಆಸರೆಯೂ ಹೋಯಿತು. 2021ರ ಸೆಪ್ಟೆಂಬರಿನಲ್ಲಿ ಹೊಸ ರೂಪದಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಗೂ ಕಿಕ್ಕರ್ ಇಲ್ಲ. ಬುಲೆಟ್ಟಿನ ವಂಶಕ್ಕೇ ಕಿಕ್ಕರ್ ಬೇಡವಾದ ಮೇಲೆ ಉಳಿದವರ ಮಾತೇನು! ಒಂದಂಗುಲವೂ ಇಲ್ಲದ ಪ್ಲಾಸ್ಟಿಕ್ ತುಂಡೊಂದು ಮುನಿದರೆ ಹೊರ ವರ್ತುಲ ರಸ್ತೆಯಲ್ಲಿ, ಮೆಟ್ರೊ ಕಾಮಗಾರಿಯ ತಗಡಿನ ಬೇಲಿಯ ಪಕ್ಕದಲ್ಲಿ, ಹಿಂದಿನವರ ಹಾರನ್ ಕೇಳುತ್ತಾ ನಿಲ್ಲಬೇಕು. ಅಲ್ಲಿ ಇಂಜಿನ್ ಆಫ್ ಆಗುವುದು ಸಾಮಾನ್ಯವಾಗಿ ಗೇರಿನಲ್ಲೇ, ಸ್ವಿಚ್ಚು ಬೇಕಾಗುವುದೂ ಆಗಲೇ.

ಆಗ ಮೊದಲು ನ್ಯೂಟ್ರಲ್‌ಗೆ ತಂದು ಬಟನ್ ಒತ್ತಿ ನೋಡಬೇಕು. ಸ್ಟಾರ್ಟ್ ಆಯಿತೆಂದರೆ ಅನುಮಾನ ನೇರ ಕ್ಲಚ್ ಸ್ವಿಚ್ಚಿನ ಮೇಲೆ. ಆಗದಿದ್ದರೆ ಕಿಲ್ ಸ್ವಿಚ್ಚು ನೋಡಿ. ದಾರಿಯಲ್ಲಿ ನಿಲ್ಲಿಸಿದ ಬೈಕಿನ ಕೆಂಪು ಬಟನ್ ಒತ್ತಿ ಹೋಗುವ ಪುಣ್ಯಾತ್ಮರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಸ್ಟಾರ್ಟ್ ಆದ ಇಂಜಿನ್ನು ಗೇರ್ ಹಾಕಿದೊಡನೆ ಸತ್ತರೆ ಅದು ಸೈಡ್ ಸ್ಟ್ಯಾಂಡ್ ಸ್ವಿಚ್ಚಿನ ಕಾಯಿಲೆ, ಕ್ಲಚ್ಚಿನದ್ದಲ್ಲ. ಎರಡನ್ನೂ ಗೊಂದಲ ಮಾಡಿಕೊಂಡು ಸರಿಯಿದ್ದ ವೈರನ್ನೇ ಕತ್ತರಿಸಿದ ಗಾಡಿಗಳಿವೆ. ಮೇಲಿನಿಂದ ಸುರಿಯುವ ಮಳೆ, ವಾಟರ್ ಸರ್ವಿಸಿನ ಪೈಪು ಇವು ಹಿಡಿಯಲ್ಲಿರುವ ಕ್ಲಚ್ ಸ್ವಿಚ್ಚನ್ನು ಕೆಡಿಸುತ್ತವೆ. ರಸ್ತೆಯಲ್ಲಿ ನಿಂತ ನೀರು, ಕೆಸರು ಕೆಳಗಿನ ಸ್ಟ್ಯಾಂಡಿನ ಸ್ವಿಚ್ಚನ್ನು. 2022ರ ಸೆಪ್ಟೆಂಬರಿನಲ್ಲಿ ಯಮಲೂರಿನ ಜನ ಟ್ರ್ಯಾಕ್ಟರ್ ಏರಿ ಮನೆಯಿಂದ ಹೊರಬಂದ ಆ ವಾರದಂಥ ನೆರೆಯಲ್ಲಿ ಗಾಡಿ ಓಡಿಸಿದವರು ಕೆಳಗಿನದನ್ನು ಮೊದಲು ನೋಡಬೇಕು.

ಕ್ಲಚ್ ಸ್ವಿಚ್ಚೇ ಎಂದಾದರೂ ಅದು ಸತ್ತಿದೆ ಎಂದೇ ಅಲ್ಲ. ಒಳಗಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರಬಹುದು, ಕನೆಕ್ಟರ್ ಸಡಿಲಾಗಿರಬಹುದು, ಧೂಳು ಮೆತ್ತಿ ಮೊಳೆ ಒಳಗೇ ಸಿಕ್ಕಿಕೊಂಡಿರಬಹುದು. ಲಿವರಿನ ಬೋಲ್ಟು ಸವೆದು ಲೊಡ್ಡಾಗಿದ್ದರೆ, ಅಥವಾ ಅಂದಕ್ಕೆಂದು ಬಣ್ಣದ ಲೋಕಲ್ ಲಿವರ್ ಹಾಕಿಸಿದ್ದರೆ, ಅದರ ಹಿಮ್ಮಡಿಗೂ ಮೊಳೆಗೂ ತಾಳೆಯಾಗುವುದಿಲ್ಲ; ಒಳ್ಳೆಯ ಸ್ವಿಚ್ಚಿಗೆ ಕೆಟ್ಟ ಹೆಸರು. ಕನೆಕ್ಟರ್ ಬಿಡಿಸಿ ಸ್ವಿಚ್ಚಿನ ಕಡೆಯ ಎರಡು ಪಿನ್ನುಗಳಿಗೆ ಮಲ್ಟಿಮೀಟರ್ ಇಟ್ಟು ಲಿವರ್ ಹಿಡಿದು ಬಿಟ್ಟು ಮಾಡಿದರೆ ಸತ್ಯ ಗೊತ್ತಾಗುತ್ತದೆ: ಹಿಡಿದಾಗ ಬೀಪ್, ಬಿಟ್ಟಾಗ ಮೌನ. ಕೆಲವು ಗಾಡಿಗಳಲ್ಲಿ ಇದು ತಿರುವುಮುರುವಾಗಿರುತ್ತದೆ, ಅಂಥ ಗಾಡಿಯಲ್ಲಿ ವೈರು ಜೋಡಿಸಿದರೆ ಉಪಯೋಗವೇ ಇಲ್ಲ. ಕಿಲುಬಾದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಹೋಗಿಯೇಬಿಟ್ಟಿದ್ದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿವೆ. ಶಿವಾಜಿನಗರದ ಗುಜರಿಯಲ್ಲೂ ಸಿಕ್ಕೀತು, ಆದರೆ ಇಂಥ ವಸ್ತುವಿಗೆ ಗುಜರಿ ಬೇಡ. ಬೇರೊಬ್ಬರ ಗಾಡಿಯಲ್ಲಿ ಮಳೆ ನೆನೆದ ಸ್ವಿಚ್ಚನ್ನು ತಂದು ಮತ್ತೆ ಮಳೆಗೆ ಒಡ್ಡುವುದರಲ್ಲಿ ಅರ್ಥವಿಲ್ಲ. ಸಾಮಾನ್ಯ ಬೈಕುಗಳಿಗೆ ಕಂಪನಿ ಸ್ವಿಚ್ಚೇ ಒಂದು ಟ್ಯಾಂಕ್ ಪೆಟ್ರೋಲಿಗಿಂತ ಎಷ್ಟೋ ಅಗ್ಗ.

ಡೈರೆಕ್ಟ್ ಮಾಡಿದ ಗಾಡಿ ರಸ್ತೆಯಲ್ಲಿ ಓಡುವಾಗ ಏನೂ ಮಾಡುವುದಿಲ್ಲ. ಅದು ಕಾಟ ಕೊಡುವುದು ನಿಲ್ಲಿಸಿದ ಜಾಗದಲ್ಲಿ. ಮುನ್ನೇಕೊಳಾಲದ ಪಿ.ಜಿ. ಓಣಿಗಳನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ಬೈಕುಗಳು ಬೆಂಕಿಪೊಟ್ಟಣದ ಕಡ್ಡಿಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ, ಇಳಿಜಾರು ಕಂಡಲ್ಲಿ ಜಾರದಿರಲೆಂದು ಫಸ್ಟ್ ಗೇರಿನಲ್ಲಿ. ಬೆಳಗ್ಗೆ ನಿದ್ದೆಗಣ್ಣಿನಲ್ಲಿ, ಕಿವಿಯಲ್ಲಿ ಫೋನು ಸಿಗಿಸಿಕೊಂಡು, ಪಕ್ಕದಲ್ಲೇ ನಿಂತು, ಸ್ಟ್ಯಾಂಡ್ ಎತ್ತಿ ಬಟನ್ ಒತ್ತುತ್ತಾರೆ. ಸ್ವಿಚ್ಚು ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಇಲ್ಲದಿದ್ದರೆ ಗಾಡಿ ಮುಂದಿನ ಬೈಕಿಗೋ ಗೇಟಿಗೋ ನುಗ್ಗುತ್ತದೆ. ಇಂಜಿನ್ನು ಸ್ಟಾರ್ಟೂ ಆಗಿಬಿಟ್ಟರೆ ನುಗ್ಗು ಇನ್ನೂ ಜೋರು. ಕೀ ಸಿಗಿಸಿದ ಗಾಡಿಯ ಮೇಲೆ ಮನೆಯ ಮಗು ಕೂತಿದ್ದರಂತೂ ಯೋಚಿಸುವುದೇ ಬೇಡ. ಆಕ್ಟಿವಾದಲ್ಲಿ ಬ್ರೇಕ್ ಹಿಡಿದೇ ಬಟನ್ ಒತ್ತಬೇಕು, ಕ್ಲಚ್ಚೇ ಇಲ್ಲದ ಏಥರ್‌ನಲ್ಲೂ ಹಾಗೇ. ಗಾಡಿ ಕದಲುವ ಮೊದಲು ಕೈ ಒಂದು ಲಿವರಿನ ಮೇಲಿರಲಿ ಎಂಬ ಕಟ್ಟಳೆಯನ್ನು ಬ್ಯಾಟರಿ ಗಾಡಿಯವರೂ ಕೈಬಿಟ್ಟಿಲ್ಲ.

ಬಿಎಸ್–6 ಬಂದ 2020ರ ನಂತರದ ಗಾಡಿಗಳಲ್ಲಿ ಇನ್ನೊಂದು ಮಾತೂ ಇದೆ. ಅನೇಕ ಮಾದರಿಗಳಲ್ಲಿ ಕ್ಲಚ್ ಸ್ವಿಚ್ಚಿನ ಸುದ್ದಿ ರಿಲೇಗಷ್ಟೇ ಅಲ್ಲ, ಇಂಜಿನ್ ನಡೆಸುವ ಇಸಿಯುಗೂ ಹೋಗುತ್ತದೆ. ವೈರು ಜೋಡಿಸಿಬಿಟ್ಟರೆ ಸವಾರ ಸದಾ ಕ್ಲಚ್ ಹಿಡಿದೇ ಇದ್ದಾನೆಂದು ಅದು ನಂಬುತ್ತದೆ. ಹೊಸೂರಿನ ಟಿವಿಎಸ್ 2023ರಲ್ಲಿ ತಂದ ಅಪಾಚೆ ಆರ್‌ಟಿಆರ್ 310ರಂಥ ಬೈಕುಗಳಲ್ಲಿ ಕ್ರೂಸ್ ಕಂಟ್ರೋಲ್ ಇದೆ, ಕ್ಲಚ್ ಹಿಡಿದೊಡನೆ ಅದು ಬಿಟ್ಟುಕೊಳ್ಳಬೇಕು. ಅಂಥ ಕಡೆ ಟೇಪಿನ ಕೈಚಳಕ ತೋರಿಸದಿರುವುದೇ ವಾಸಿ. ವಾರಂಟಿ ಇರುವ ಗಾಡಿಯ ವೈರು ಕತ್ತರಿಸಿದರೆ ಮುಂದಿನ ಜಗಳ ನಿಮ್ಮದೇ.

ಮಾರತ್ತಹಳ್ಳಿಯಲ್ಲಿ ಬೈಕು ಒಬ್ಬರ ಕೈಯಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಕೆಲಸ ಸಿಕ್ಕಿ ಬಂದವರು ಕೊಳ್ಳುತ್ತಾರೆ, ಕೆಲಸ ಬಿಟ್ಟು ಹೋಗುವವರು ರೂಮ್‌ಮೇಟಿಗೆ ಮಾರಿ ಹೋಗುತ್ತಾರೆ. ಡೈರೆಕ್ಟ್ ಮಾಡಿಸಿದ ಸಂಗತಿ ಆರ್‌ಸಿಯಲ್ಲಿ ಬರೆದಿರುವುದಿಲ್ಲ, ಮಾರುವವನಿಗೇ ಮರೆತಿರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಟೈರು, ಚೈನು, ಹೊಗೆ ನೋಡುವಾಗ ಇದನ್ನೂ ನೋಡಿಕೊಳ್ಳಬೇಕು. ಡಬಲ್ ಸ್ಟ್ಯಾಂಡ್ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಎದುರಿಗೆ ಯಾರೂ ಇಲ್ಲದ ಕಡೆ ಗಾಡಿಯ ಮೇಲೆ ಕೂತು ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿಯಿರಿ. ಸೈಡ್ ಸ್ಟ್ಯಾಂಡ್ ಎತ್ತಿರಲಿ, ಇಳಿದಿದ್ದರೆ ಅದರ ಸ್ವಿಚ್ಚೇ ತಡೆದು ಪರೀಕ್ಷೆ ಸುಳ್ಳಾಗುತ್ತದೆ. ಫಸ್ಟ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಬಟನ್ನನ್ನು ಒಂದೇ ಒಂದು ಕ್ಷಣ ತಟ್ಟಿ. ಇಂಜಿನ್ನು ಅಲುಗಬಾರದು. ಅಲುಗಿದರೆ, ಮೊದಲು ಹೊಸ ಸ್ವಿಚ್ಚು ಹಾಕಿಸಿ ತನ್ನಿ, ಆಮೇಲೆ ಬೆಲೆ ಮಾತಾಡೋಣ ಅನ್ನಿ.