ಕಾವು ಕೂರುವ ಸಿರುವಿಡೈ

ನಮ್ಮ ಧರ್ಮಪುರಿ ಕಡೆ ತಮಿಳಿನಲ್ಲಿ 'ಸಿರುವಿಡೈ' ಎನ್ನುವ ಚಿಕ್ಕ ನಾಟಿಕೋಳಿ ತಮಗೆ ಗೊತ್ತೇ ಇದೆ. ಹೆಚ್ಚು ತೂಗದು, ಮೊಟ್ಟೆಯೂ ಕಡಿಮೆ. ಆದರೆ ತಾನೇ ಕಾವು ಕೂತು ಮರಿ ಮಾಡುತ್ತದೆ. ಹದ್ದು ಬಂದರೆ ಮೈಮೇಲೆ ಬೀಳುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ಬೇಗ ಬೆಳೆಯುವ ಒಳ್ಳೆಯ ಕೋಳಿಯೇ. ಆದರೆ ಅದರ ಹುಂಜ ನಮ್ಮ ಹೇಂಟೆಗಳೊಡನೆ ಬೆರೆತರೆ ತೂಕ ಬಂದೀತು, ಕಾವಿನ ಗುಣ ಹೋದೀತು. ಆಮೇಲೆ ಮರಿಗೆ ಯಂತ್ರವೇ ಗತಿ. ಆದ್ದರಿಂದ ಎಂಟು ಹತ್ತು ಹೇಂಟೆಗೆ ಒಂದು ಸಿರುವಿಡೈ ಹುಂಜವನ್ನೇ ಬಿಡಿ. ಅದನ್ನೂ ಬೇರೆ ಊರಿನಿಂದ ತನ್ನಿ, ಒಡಹುಟ್ಟಿದ್ದು ಬೇಡ.

ಕಾವಿಗಿಡುವ ಮೊಟ್ಟೆ 7 ದಿನಕ್ಕಿಂತ ಹಳೆಯದಾಗಬಾರದು. ದಪ್ಪ ತುದಿ ಮೇಲಾಗಿ ತಂಪಿನಲ್ಲಿಡಿ. ನಾನು ಬ್ಯಾಂಕಿನಿಂದ ನಿವೃತ್ತನಾದ ವರ್ಷ, ಚಿತ್ತಿರೈ ಬಿಸಿಲಿನಲ್ಲಿ, ಒಲೆ ಪಕ್ಕದ ಗೂಡಿನಲ್ಲಿಟ್ಟು 11ರಲ್ಲಿ 9 ಕಳೆದುಕೊಂಡೆ. ಮನೆಯಾಕೆ ಇಂದಿಗೂ ಆ ಲೆಕ್ಕ ಕೇಳುತ್ತಾಳೆ!

ಮಂಕರಿಗೆ ಮರಳು, ಮೇಲೆ ಒಣಹುಲ್ಲು ಹಾಸಿ, ಸಂಜೆಗತ್ತಲಲ್ಲಿ 10-12 ಮೊಟ್ಟೆಯಿಟ್ಟು ಕೂರಿಸಿ. ಮೈಯಲ್ಲಿ ಹೇನಿದ್ದರೆ ಕಾವು ಬಿಟ್ಟೇಳುತ್ತದೆ, ಮೊದಲೇ ನೋಡಿ. ದಿನಕ್ಕೊಮ್ಮೆ ಮೇಯಲು ಬಿಡಿ. ಏಳನೆಯ ರಾತ್ರಿ ಟಾರ್ಚಿಗೆ ಹಿಡಿದಾಗ ಕೆಂಪು ನರ ಕಂಡರೆ ಜೀವವಿದೆ, ತಿಳಿಯಾಗಿದ್ದರೆ ತೆಗೆದುಬಿಡಿ. 21ನೆಯ ದಿನ ಮರಿ ಓಡು ಒಡೆಯುತ್ತದೆ. ಆಗ ಅವಸರಪಟ್ಟು ಕೈಹಾಕಬೇಡಿ.

ಇನ್ನು ವೆಳ್ಳೈಕ್ಕಳಿಚ್ಚಲ್, ಅಂದರೆ ಕೊಕ್ಕರೆ ರೋಗ. ಹಟ್ಟಿಗೆ ಹಟ್ಟಿಯೇ ಖಾಲಿಯಾಗುವುದು ಇದರಿಂದಲೇ. ಮರಿಗೆ 7 ದಿನವಾದಾಗ ಕಣ್ಣಿಗೊಂದು ಹನಿ ಲಸಿಕೆ, 8 ವಾರಕ್ಕೆ ಚುಚ್ಚುಮದ್ದು ಹಾಕಿಸಿ. ಪಶು ಆಸ್ಪತ್ರೆಯಿಂದ ಸೀಸೆಯನ್ನು ಮಂಜುಗಡ್ಡೆಯ ಫ್ಲಾಸ್ಕಿನಲ್ಲೇ ತನ್ನಿ. ಬಿಸಿ ತಗಲಿದರೆ ಕೆಲಸ ಮಾಡದು.